ಮಾಮಾನ ಈಥರ್ ಮೆರವಣಿಗೆ

ನಮ್ಮ ಮಾಮಾ ಹುಲಿಗೆ ಅಂಜಿದವರಲ್ಲ, ಪೊಲೀಸರಿಗೂ ಅಂಜಿದವರಲ್ಲ; ಬೆಂಕಿಕಡ್ಡಿ ಕಂಡರೆ ಮಾತ್ರ ಮಾರುದೂರ ಹಾರುತ್ತಿದ್ದರು! ಅವ್ವನ ಒಬ್ಬನೇ ತಮ್ಮ. ತಮ್ಮದೇ ಮದುವೆಗೆ ಬಂದ ಗ್ಯಾಸ್‌ಬತ್ತಿಯನ್ನು ಹಂದರದಾಚೆ ನಿಲ್ಲಿಸಿ, ಮಬ್ಬಿನಲ್ಲೇ ತಾಳಿ ಕಟ್ಟಿದ ಭೂಪ. "ಯಾರಿಗೆ ಕಟ್ಟಿದ್ಯೋ, ನೋಡಿಕೊಂಡೀಯೇನ?" ಎಂದು ಅವ್ವ ಬೈದಿದ್ದಳು.

ಇಂಥವರ ಪಾಲಿಗೆ ಈಥರ್ ಬಂದರೆ?

ಅವ್ವನ ಹೊಟ್ಟೆಯಲ್ಲಿ ಗಡ್ಡೆ. ಇಂದೋ ನಾಳೆಯೋ ಒಡೆಯುವಂತಿತ್ತು. ಮೂಡಲಗಿಯ ಡಾಕ್ಟರ್ ಖಡಾಖಂಡಿತ ಹೇಳಿದರು: "ಮೈಮರೆಸೋ ಈಥರ್ ಇಲ್ಲದ ನಾ ಕತ್ತಿ ಮುಟ್ಟಂಗಿಲ್ಲ. ಗೋಕಾಕದಾಗ ಪಾರ್ಸೆಲ್ ಬಂದೈತಿ, ತರ್ರಿ. ನಾಳೆ ಬಿಸಿಲಿದ್ದಾಗ ಮುಟ್ಟಬೇಕ ನೋಡ್ರಿ. ಈಥರ್ ಮುಂದ ದೀಪ ಹಚ್ಚಾಕ ಬರಂಗಿಲ್ಲ."

ಬೆಳಗಾವಿಯ ಕಾನ್ವೆಂಟಿನಿಂದ ರಜೆಗೆ ಬಂದಿದ್ದ ನನ್ನನ್ನು ಮಾಮಾ ಇಂಗ್ಲಿಷ್ ಓದಲೆಂದೇ ಎತ್ತಿನ ಚಕ್ಕಡಿಯಲ್ಲಿ ಜೊತೆಗೆ ಎಳೆದೊಯ್ದರು. ಮರುದಿನ ನಸುಕಿನಲ್ಲಿ ಗೋಕಾಕದ ಔಷಧಿ ಏಜೆಂಟನ ಮನೆಯಲ್ಲಿ ಡಬ್ಬಿಯ ಲೇಬಲ್ ಓದಿದೆ: ಹೈಲಿ ಇನ್‌ಫ್ಲೇಮಬಲ್. ಕೀಪ್ ಕೂಲ್.

"ಅಂದ್ರ?"

"ಕಿಡಿ ತಾಕಿದ್ರ ಭಗ್ಗ್ ಅಂತೈತಿ. ತಂಪಾಗಿ ಇಡಬೇಕಂತ."

ಮುಗಿಯಿತು! ಕಲ್ಲಿಗೆ ಬಡಿದು ಕಿಡಿ ಹಾರೀತೆಂದು ಎತ್ತುಗಳ ಲಾಳ ಕೀಳಿಸಿದರು. ಗಾಲಿಯ ಕಬ್ಬಿಣದ ಹಳಿಗೆ ತೊಯ್ದ ಗೋಣಿತಟ್ಟು ಸುತ್ತಿದರು. ಕೊರಳ ಗಂಟೆ ಬಿಚ್ಚಿದರು. ಹಸಿ ಉಸುಕು ತುಂಬಿದ ಮಣ್ಣಿನ ಹರವಿಯಲ್ಲಿ ಡಬ್ಬಿ ಹೂತು, ಮೇಲೆ ತಮ್ಮ ಬಿಳಿ ಧೋತರವನ್ನು ನೆನೆಸಿ ಹೊದಿಸಿದರು. ಕೊನೆಗೆ ಕಣ್ಣು ಬಿದ್ದದ್ದು ನನ್ನ ಕಾಲ್ಗೆಜ್ಜೆಯ ಮೇಲೆ.

"ಮಾಮಾ, ಬೆಳ್ಳಿಯಿಂದ ಸ್ಪಾರ್ಕ್ ಬರಂಗಿಲ್ಲ!"

"ನಿಮ್ಮ ಕಾನ್ವೆಂಟ್ ಸಿಸ್ಟರ್ ಬರದ ಕೊಟ್ಟಾಳೇನ? ಬಿಚ್ಚ!"

ಲಾಳವಿಲ್ಲದ ಎತ್ತುಗಳು ಹೊಸ ಮದುಮಗಳಂತೆ ಅಳೆದು ಅಳೆದು ಹೆಜ್ಜೆಯಿಟ್ಟವು. ಮುಂದೆ ಬರಿಗಾಲಲ್ಲಿ ಮಾಮಾ. ನಾನೋ, ಸೂರ್ಯನನ್ನು ನೋಡುವುದು, ದಾರಿ ನೋಡುವುದು, ಉಗುರು ಕಡಿಯುವುದು! ಅಲ್ಲಿ ಅವ್ವ ಹೇಗಿದ್ದಾಳೋ?

"ಮಾಮಾ, ಪ್ಲೀಸ್, ಜಲ್ದಿ!"

"ಜಲ್ದಿ ಹೋದ್ರ ಕುಲುಕತೈತಿ. ಸುಮ್ನ ಕುಂದರ!"

ಹೀಗೇ ದಾರಿಯ ಮಸಗುಪ್ಪಿ ಊರು ಬಂತು. ಬರಿಗಾಲ ಹಿರಿಯರು, ಸದ್ದಿಲ್ಲದ ಚಕ್ಕಡಿ, ಬಿಳಿ ಮಡಿ ಹೊದ್ದ ಹರವಿ... ಯಾವುದೋ ದೇವರು ಊರೂರು ಹೊರಟಿದೆಯೆಂದೇ ಹೆಂಗಸರು ತಿಳಿದರು. ಸೆರಗು ಹೊದ್ದು, ಧಗಧಗ ಕರ್ಪೂರದಾರತಿ ಹಿಡಿದು ಎದುರಿಗೇ ಬಂದರು!

ಮಾಮಾ ಕೈ ಚಾಚಿ ಅಡ್ಡ ನಿಂತರು. "ದೂರ, ದೂರ! ಈ ದೇವರಿಗೆ ಆರತಿ ನಡ್ಯಂಗಿಲ್ರೆವ್ವಾ!"

"ಎಂಥಾ ದೇವರ್ರಿ ಇದು, ದೀಪಕ್ಕ ಅಂಜತೈತಿ?" ಮುದುಕಿಯೊಬ್ಬಳು ಸೊಂಟಕ್ಕೆ ಕೈಯಿಟ್ಟಳು.

"ಭಾಳ ಸಿಟ್ಟಿನ ದೇವರವ್ವಾ. ತಣ್ಣೀರಿನ ಮಜ್ಜನ ಒಂದ ಸಾಕು!"

ಸರಿ, ಕೊಡಗಳು ಬಂದವು. ಹರವಿಗೆ ಮಜ್ಜನ, ಗಾಲಿಗೆ ಮಜ್ಜನ, ಒಳಗಿದ್ದ ನನಗೂ ಮಜ್ಜನ! ಸುದ್ದಿ ನಮಗಿಂತ ಮುಂದೆ ಓಡಿತು. ಮುಂದಿನ ದಾರಿಯುದ್ದಕ್ಕೂ ಒಲೆ ಆರಿಸಿ ಕೊಡ ಹಿಡಿದು ನಿಂತವರೇ! ಐಸ್‌ಬಾಕ್ಸಿನಲ್ಲಿ ಇಟ್ಟಷ್ಟು ತಣ್ಣಗಿದ್ದ ಡಬ್ಬಿ, ಕಿಟಕಿಯಲ್ಲಿ ಇನ್ನೂ ಬಿಸಿಲಿರುವಾಗಲೇ ಡಾಕ್ಟರ ಕೈ ಸೇರಿತು.

ಬಾಗಿಲು ಮುಚ್ಚಿತು. ಮಾಮಾ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದರು. ಬಹಳ ಹೊತ್ತಿನ ಮೇಲೆ ಡಾಕ್ಟರ್ ಹೊರಬಂದು, "ಗಡ್ಡಿ ತಗದೇನಿ, ಜೀವಕ್ಕ ಭಯ ಇಲ್ಲ" ಎಂದರು. ನಾವೆಲ್ಲ ಕೈ ಮುಗಿದೆವು. ಮಾಮಾ ಮಾತ್ರ ಮೆಲ್ಲಗೆ ಕೇಳಿದರು:

"ನಮ್ಮಕ್ಕಗ ಕೊಯ್ದಿದ್ದು ಗೊತ್ತಾತೇನ್ರಿ?"

"ಒಂದೀಟೂ ಇಲ್ಲ."

ಮಾಮಾ ಗೋಡೆಗೆ ಹಣೆ ಹಚ್ಚಿ ಕೂಸಿನ ಹಾಗೆ ಬಿಕ್ಕತೊಡಗಿದರು. ಒಳಗಿನಿಂದ, ಅಮಲು ಇನ್ನೂ ಇಳಿಯದ ಅವ್ವನ ದನಿ ತೊದಲುತ್ತ ಬಂತು:

"ಅಳಾಕತ್ತಾಂವ ನನ್ನ ತಮ್ಮ ಅಲ್ಲೇನ? ಒಳಗ ಕರೀರಿ ಅವನ್ನ."