ಯಾವ ಮೊನಾಕೊ?

ಎಲ್ಲ ಶುರುವಾದದ್ದು ಒಂದು ಕೋಟಿನಿಂದ.

ಗುರುವಾರ ತರಗತಿ ಮುಗಿಸಿ ಮೆಟ್ಟಿಲಿಳಿಯುವಾಗ ಸಹಪಾಠಿ ಓರ್ನೆಲ್ಲಾ ಫಿಂಟನ್‌ಗೆ ಹೇಳಿದ್ದು ಇಷ್ಟೇ: "ಶನಿವಾರ ನಾನು ಮೊನಾಕೊದಲ್ಲಿರ್ತೀನಿ. ಸಂಜೆ ಆರಕ್ಕೆ ರೈಲ್ವೆ ಸ್ಟೇಷನ್ ಮುಂದೆ ಬಾ, ಊರು ತೋರಿಸ್ತೀನಿ. ಒಂದು ಒಳ್ಳೆ ಕೋಟು ಹಾಕ್ಕೊಂಡು ಬಾ."

ಫಿಂಟನ್ ಗೆರಟಿ ಐರ್ಲೆಂಡಿನ ಸ್ಲೈಗೊ ಕಡೆಯ ಹುಡುಗ. ಒಂದು ವರ್ಷದ ಓದಿಗೆಂದು ಇಟಲಿಯ ಬೊಲೊನ್ಯಕ್ಕೆ ಬಂದವನು ಆರು ತಿಂಗಳಿಂದ ಓರ್ನೆಲ್ಲಾಳನ್ನು ಓದಿದಷ್ಟು ಶ್ರದ್ಧೆಯಿಂದ ಪುಸ್ತಕ ಓದಿರಲಿಲ್ಲ. ಅವಳು ಹಿಂದೆ ಎರಡು ಸಲ ಕರೆದಿದ್ದಳು. ಮೊದಲ ಸಲ ರವೆನ್ನಾಕ್ಕೆ. ಎರಡು ಯೂರೊ ಉಳಿಸಲು ಮೂರು ರೈಲು ಬದಲಿಸಿ ಈ ಮಹಾಶಯ ಅಲ್ಲಿ ಮುಟ್ಟುವಾಗ ಅವಳು ವಾಪಸ್ ಹೊರಟಾಗಿತ್ತು. ಎರಡನೇ ಸಲ ಮೊದೆನಾಕ್ಕೆ. ರೈಲಿನಲ್ಲಿ ನಿದ್ದೆ ಹೋಗಿ ಪಾರ್ಮಾದಲ್ಲಿ ಕಣ್ಣುಬಿಟ್ಟ. ಎರಡೂ ಸಲ ದಾರಿಯುದ್ದಕ್ಕೂ "ಬಂದೇಬಿಟ್ಟೆ, ಬಂದೇಬಿಟ್ಟೆ" ಎಂದು ಮೆಸೇಜು ಮಾತ್ರ ತಪ್ಪದೆ ಕಳಿಸಿದ್ದ.

"ಈ ಸಲ ಫೋನೂ ಬೇಡ, ಮೆಸೇಜೂ ಬೇಡ," ಎಂದಳು ಓರ್ನೆಲ್ಲಾ. "ಆರು ಗಂಟೆವರೆಗೂ ನನ್ನ ಫೋನ್ ಆಫ್ ಇರುತ್ತೆ. ಬಂದಿದ್ರೆ ಬಂದಿರ್ತೀಯ. ಇಲ್ಲಾಂದ್ರೆ ಇನ್ನು ನಾಲ್ಕನೇ ಸಲ ಅನ್ನೋದೇ ಇಲ್ಲ, ಫಿಂಟನ್."

ಮನೆಗೆ ಬಂದು ಬಾಯಿಬಿಟ್ಟದ್ದೇ ತಪ್ಪಾಯಿತು. ಅವನ ಜೊತೆ ಬಾಡಿಗೆಗಿದ್ದವರು ಇಬ್ಬರು. ಒಬ್ಬ ನೇಪಲ್ಸಿನ ಜೆನ್ನಾರೊ, ಗೊತ್ತಿಲ್ಲದ ವಿಷಯಗಳಲ್ಲೇ ಅವನಿಗೆ ಧೈರ್ಯ ಜಾಸ್ತಿ. ಇನ್ನೊಬ್ಬಳು ಸ್ಪೇನಿನ ಬಾಸ್ಕ್ ನಾಡಿನ ಇತ್ಸಿಯಾರ್. ಕಾಫಿಯ ಬೆಲೆಯಲ್ಲಿ ಯೂರೋಪು ಸುತ್ತುವುದು ಹೇಗೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

"ಕೋಟು ಅಂದ್ಲಾ? ಹಾಗಾದ್ರೆ ಕ್ಯಾಸಿನೊಗೆ ಕರ್ಕೊಂಡು ಹೋಗ್ತಾಳೆ ಗುರು," ಎಂದ ಜೆನ್ನಾರೊ. "ಕೋಟಿಲ್ಲದೆ ಒಳಗೆ ಬಿಡಲ್ಲ." ಹೀಗೆಂದು ತನ್ನ ಚಿಕ್ಕಪ್ಪನ ಮಗ ಮದುವೆಯಲ್ಲಿ ಹಾಕಿದ್ದ ಬಿಳಿ ಕೋಟು ತಂದ. ಚಿನ್ನದ ಬಣ್ಣದ ಗುಂಡಿಗಳು, ಕಾಗದದಷ್ಟು ತೆಳುವಾದ ಬಟ್ಟೆ. ಅದನ್ನು ತೊಟ್ಟ ಫಿಂಟನ್ ಕನ್ನಡಿಯಲ್ಲಿ ಬ್ಯಾಂಡ್‌ಸೆಟ್ಟಿನಿಂದ ತಪ್ಪಿಸಿಕೊಂಡವನಂತೆ ಕಂಡ.

ಅಷ್ಟರಲ್ಲಿ ಇತ್ಸಿಯಾರ್ ಫೋನಿನಿಂದ ತಲೆಯೆತ್ತಿದಳು. "ಬೊಲೊನ್ಯದಿಂದ ಮೊನಾಕೊಗೆ ನೇರ ಬಸ್ಸು. ಹದಿನಾಲ್ಕೇ ಯೂರೊ. ಟಿಕೆಟ್ ತಗೊಂಡುಬಿಟ್ಟೆ, ನನಗೆ ಥ್ಯಾಂಕ್ಸ್ ಹೇಳೋದು ಬೇಡ."

ಶನಿವಾರ ಬೆಳಿಗ್ಗೆ ಆರಕ್ಕೆ ಬಸ್ಸು ಹೊರಟಿತು. ಅದರ ಹಣೆಯ ಮೇಲೆ ದೊಡ್ಡದಾಗಿ ಮೊನಾಕೊ ಎಂದೇ ಬರೆದಿತ್ತು. ಫಿಂಟನ್ ಚೀಲದಲ್ಲಿ ಈಜುಚಡ್ಡಿ, ಕಪ್ಪು ಕನ್ನಡಕ, ಬಿಸಿಲಿಗೆ ಹಚ್ಚುವ ಕ್ರೀಮು ಇಟ್ಟುಕೊಂಡು ಕಿಟಕಿ ಹಿಡಿದು ಕೂತ. ಈ ಸಲ ನಿದ್ದೆ ಮಾಡಬಾರದೆಂದು ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಪಕ್ಕದಲ್ಲಿ ಇಲ್ಡೆ ಎಂಬ ಅಜ್ಜಿ, ಮಗನ ಮನೆಗೆ ಹೊರಟಿದ್ದಳು. ಮಡಿಲಲ್ಲಿ ಒಂದು ಇಡೀ ಚೀಸ್ ಗಡ್ಡೆ.

ವೆರೋನಾ ದಾಟಿತು. ಸಮುದ್ರ ಬರಲಿಲ್ಲ, ಬೆಟ್ಟ ಬಂತು. ಇನ್ನೂ ದೊಡ್ಡ ಬೆಟ್ಟ ಬಂತು. ಅದರ ತಲೆಯ ಮೇಲೆ ಹಿಮ ಕಂಡಿತು.

"ಅಜ್ಜೀ, ಸಮುದ್ರ ಯಾವಾಗ ಬರುತ್ತೆ?"

"ಯಾವ ಸಮುದ್ರ ಮಗಾ?"

"ಮೊನಾಕೊದ ಸಮುದ್ರ."

ಅಜ್ಜಿ ಅವನನ್ನೂ ಅವನ ಕೋಟನ್ನೂ ಸಾವಕಾಶವಾಗಿ ನೋಡಿದಳು. "ಅಯ್ಯೋ ನನ್ನ ಕಂದಾ, ಇದು ಜರ್ಮನಿಯ ಮ್ಯೂನಿಕ್ ಬಸ್ಸು. ನಾವು ಇಟಲಿಯವರು ಮ್ಯೂನಿಕ್‌ಗೂ ಮೊನಾಕೊ ಅಂತಲೇ ಅನ್ನೋದು. ಸಮುದ್ರದ ಮೊನಾಕೊ ಆ ಕಡೆ, ಫ್ರಾನ್ಸ್ ದಿಕ್ಕಿಗೆ."

ಫಿಂಟನ್‌ಗೆ ಅಳು ಬಂದಿತು. ಫೋನು ತೆಗೆದು ಮನೆಗೆ ಹಚ್ಚಿದ. ಇತ್ಸಿಯಾರ್ ಫೋನನ್ನು ಜೆನ್ನಾರೊನ ಕೈಗೆ ದಾಟಿಸಿಬಿಟ್ಟಳು. ಅವನು ಹಾಸಿಗೆಯಿಂದಲೇ ತೀರ್ಪು ಕೊಟ್ಟ.

"ಇಳಿದುಬಿಡು ಮಾರಾಯ, ಮೊದಲು ಇಳಿದುಬಿಡು."

"ಒಂದು ವೇಳೆ ಅವಳು ಹೇಳಿದ್ದು ಇದೇ ಮೊನಾಕೊ ಆಗಿದ್ರೆ?"

"ಕೋಟು ಹಾಕ್ಕೊಂಡು ಬಾ ಅಂದಿದ್ದಾಳೋ ಇಲ್ವೋ? ಮ್ಯೂನಿಕ್‌ಗೆ ಯಾರು ಕೋಟು ಹಾಕ್ಕೊಂಡು ಹೋಗ್ತಾರೆ? ಅಲ್ಲಿ ಚರ್ಮದ ಚಡ್ಡಿ ಹಾಕ್ಕೊಂಡು ಬಿಯರ್ ಕುಡೀತಾರೆ. ಯೋಚನೆ ಮಾಡಿ ಮಾತಾಡು."

ಫಿಂಟನ್ ಚೀಲ ಹೆಗಲಿಗೇರಿಸಿದ. ಅಜ್ಜಿಗೂ ವಾದ ಒಪ್ಪಿಗೆಯಾಯಿತು. "ಹುಡುಗಿ ಸಮುದ್ರದ ದಂಡೇಲಿ ಕಾಯ್ತಿರೋವಾಗ ನೀನು ಬೆಟ್ಟ ಹತ್ತಿ ಏನು ಮಾಡ್ತೀಯ? ಇಳಿ, ಇಳಿ," ಎಂದು ಟ್ರೆಂಟೊದಲ್ಲಿ ಬಸ್ಸು ನಿಂತದ್ದೇ ತಡ ಅವನ ಬೆನ್ನಿಗೆ ಕೈಕೊಟ್ಟು ಇಳಿಸಿದಳು. ದಾರಿಗಿರಲೆಂದು ಚೀಸಿನ ಒಂದು ತುಂಡು ಕೈಗಿಟ್ಟಳು.

ಅಲ್ಲಿಂದ ಶುರುವಾಯಿತು ರೈಲುಗಳ ಪಾಡು. ಇತ್ಸಿಯಾರ್ ಫೋನಿನಲ್ಲೇ ದಾರಿ ಹೇಳುತ್ತ ಹೋದಳು: ಟ್ರೆಂಟೊದಿಂದ ವೆರೋನಾ, ವೆರೋನಾದಿಂದ ಮಿಲಾನ್, ಮಿಲಾನಿನಿಂದ ಕರಾವಳಿ. ತಿಂಗಳ ಕೊನೆಯವರೆಗೆ ಊಟಕ್ಕೆಂದು ಇಟ್ಟಿದ್ದ ದುಡ್ಡು ಮಿಲಾನಿನ ಟಿಕೆಟ್ ಕಿಟಕಿಯಲ್ಲೇ ಮುಗಿಯಿತು.

ಕೊನೆಯ ರೈಲು ಓಡಿ ಹಿಡಿಯುವ ಗಡಿಬಿಡಿಯಲ್ಲಿ ಪ್ಲಾಟ್‌ಫಾರಂ ಮೇಲಿನ ಯಂತ್ರದಲ್ಲಿ ಟಿಕೆಟ್ಟಿಗೆ ಮುದ್ರೆ ಒತ್ತಿಸುವುದನ್ನು ಮರೆತ. ಮುದ್ರೆಯಿಲ್ಲದ ಟಿಕೆಟ್ಟಿಗೆ ಆ ದೇಶದಲ್ಲಿ ಕಾಗದದ ಬೆಲೆ. ಟಿಕೆಟ್ ಪರೀಕ್ಷಕರು ದಂಡದ ಪುಸ್ತಕ ತೆರೆದರು. ಆಮೇಲೆ ಚಿನ್ನದ ಗುಂಡಿಗಳ ಮೇಲೆ ಕಣ್ಣು ಬಿತ್ತು.

"ಮದುವೆಗೆ ಹೊರಟ್ರಾ?"

ಫಿಂಟನ್ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಹೌದು ಸಾರ್. ನಂದೇ."

ಪುಸ್ತಕ ಮುಚ್ಚಿಕೊಂಡಿತು. "ಹುಡುಗಿ ಎಲ್ಲಿಯವರು?"

"ಮೊನಾಕೊದಲ್ಲಿ ಕಾಯ್ತಿದ್ದಾಳೆ."

"ಯಾವ ಮೊನಾಕೊ?"

"ಸಮುದ್ರದ್ದು," ಎಂದ ಫಿಂಟನ್. ಈ ಪ್ರಶ್ನೆಗೆ ಉತ್ತರ ಗೊತ್ತಿದ್ದ ಹೆಮ್ಮೆ ಅವನ ಮುಖದಲ್ಲಿ ಕುಣಿಯಿತು.

ಸುದ್ದಿ ಬೋಗಿಯ ಆ ತುದಿಯವರೆಗೆ ಹೋಯಿತು. ಮದುವೆಯ ದಿನವೇ ರೈಲಿನಲ್ಲಿ ಒಬ್ಬನೇ ಹೊರಟ ಮದುಮಗನನ್ನು ನೋಡಲು ಜನ ಬಂದರು. ಒಬ್ಬಾಕೆ ಯಾರಿಗೋ ಒಯ್ಯುತ್ತಿದ್ದ ಹೂಗುಚ್ಛವನ್ನು ಅವನ ಕೈಗೆ ತುರುಕಿದಳು. ಇನ್ನೊಬ್ಬರು ನಲವತ್ತು ವರ್ಷದ ಸಂಸಾರದ ಗುಟ್ಟೆಲ್ಲ ಹೇಳಿ, ಕೊನೆಗೆ "ಈಗಲೂ ತಡವಾಗಿಲ್ಲ, ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡಪ್ಪ," ಎಂದು ಪಿಸುಗುಟ್ಟಿದರು. ಫಿಂಟನ್ ಆ ಬುದ್ಧಿಮಾತನ್ನು ನಕ್ಕು ತಳ್ಳಿಹಾಕಿದ.

ಐದೂವರೆಗೆ ಮೊನಾಕೊ. ಹೊರಗೆ ಬಂದರೆ ಸಂಜೆಯ ಬಿಸಿಲು, ಕೆಳಗೆ ನೀಲಿ ಸಮುದ್ರ, ಒಂದೊಂದೂ ಒಂದು ಮನೆಯಷ್ಟು ದೊಡ್ಡ ದೋಣಿಗಳು. ಬದುಕಿನಲ್ಲಿ ಮೊದಲ ಸಲ ಅವನು ಹೇಳಿದ ಜಾಗಕ್ಕೆ ಅರ್ಧ ಗಂಟೆ ಮೊದಲೇ ತಲುಪಿದ್ದ. ಸಂತೋಷಕ್ಕೆ ಎದೆ ಉಬ್ಬಿತು, ಕೋಟಿನ ಒಂದು ಗುಂಡಿ ಹಾರಿಹೋಯಿತು. ಸ್ಟೇಷನ್ ಮುಂದೆ ಹೂ ಹಿಡಿದು ನಿಂತ. ತುಪ್ಪಳದ ಶಾಲು ಹೊದ್ದ ಹೆಂಗಸೊಬ್ಬಳು ಅವನನ್ನು ಹೋಟೆಲಿನ ಆಳೆಂದುಕೊಂಡು ಎರಡು ಪೆಟ್ಟಿಗೆ ಹೊರಿಸಿ ಟ್ಯಾಕ್ಸಿಯವರೆಗೆ ನಡೆಸಿದಳು. ಅದಕ್ಕೂ ಅವನು ಬೇಸರಪಡಲಿಲ್ಲ.

ಆರಾಯಿತು. ಆರೂಕಾಲಾಯಿತು. ಆರು ಇಪ್ಪತ್ತಕ್ಕೆ ಫೋನು ಬಡಿದುಕೊಂಡಿತು. ಓರ್ನೆಲ್ಲಾ.

"ಎಲ್ಲಿದ್ದೀಯ ಫಿಂಟನ್?"

"ಮೊನಾಕೊ ಸ್ಟೇಷನ್ ಮುಂದೆ. ಐದೂವರೆಯಿಂದ," ಎಂದ, ಒಂದೊಂದು ಅಕ್ಷರವನ್ನೂ ಸವಿಯುತ್ತ.

"ನಿಜವಾಗ್ಲೂ?" ಅವಳ ದನಿ ಮೆತ್ತಗಾಯಿತು. "ನೀನು ಬರಲ್ಲ ಅಂದ್ಕೊಂಡಿದ್ದೆ ಕಣೋ. ನಾನೂ ಸ್ಟೇಷನ್ ಮುಂದೇನೇ ಇದ್ದೀನಿ. ಕಾಣಿಸ್ತಿಲ್ವಲ್ಲ ನೀನು."

"ನೋಡು, ಬಿಳಿ ಕೋಟು ಹಾಕಿದ್ದೀನಿ."

"ಇಲ್ಲಿ ಎಲ್ಲರ ಕೋಟೂ ಬೆಳ್ಳಗೇ ಇದೆ. ಮಧ್ಯಾಹ್ನದಿಂದ ಹಿಮ ಬೀಳ್ತಿದೆ."

ಫಿಂಟನ್ ಸಮುದ್ರದ ಕಡೆ ನೋಡಿದ. ಯಾರೋ ಐಸ್‌ಕ್ರೀಂ ತಿನ್ನುತ್ತ ಹೋಗುತ್ತಿದ್ದರು.

"ಓರ್ನೆಲ್ಲಾ, ನೀನು ಕೋಟು ಅಂದದ್ದು..."

"ಚಳಿಗೆ ಕಣೋ. ಮತ್ತೇನಕ್ಕೆ?" ಆಮೇಲೆ ಅವಳು ಬಹಳ ನಿಧಾನವಾಗಿ ಕೇಳಿದಳು. "ಫಿಂಟನ್, ನೀನು ಯಾವ ಮೊನಾಕೊದಲ್ಲಿದ್ದೀಯ?"

ಕೆಳಗೆ ಸಮುದ್ರದಲ್ಲಿ ಹಾದುಹೋದ ದೋಣಿಯೊಂದು ಅವನ ಪರವಾಗಿ ಉದ್ದಕ್ಕೆ ಸಿಳ್ಳೆ ಹಾಕಿತು. ಅವಳು ಫೋನಿಟ್ಟಳು.

ಬೆಳಿಗ್ಗೆ ಒಂಬತ್ತರವರೆಗೂ ತಾನು ಸರಿಯಾದ ಬಸ್ಸಿನಲ್ಲಿ, ಸರಿಯಾದ ಸೀಟಿನಲ್ಲಿ, ಎಚ್ಚರವಾಗಿಯೇ ಕೂತಿದ್ದೆ ಎನ್ನುವುದು ಅವನಿಗೆ ಈಗ ಹೊಳೆಯಿತು. ಮೆಟ್ಟಿಲ ಮೇಲೆ ಕುಸಿದು ಕೂತು ಅಜ್ಜಿಯ ಚೀಸು ಬಿಚ್ಚಿದ. ಜೇಬು ತಡವಿದರೆ ಪೆಟ್ಟಿಗೆ ಹೊತ್ತದ್ದಕ್ಕೆ ಸಿಕ್ಕ ಎರಡು ಯೂರೊ ಬಿಟ್ಟು ಬೇರೇನೂ ಇರಲಿಲ್ಲ. ವಾಪಸ್ ಹೋಗುವುದು ಹೇಗೆ ಎಂದು ಇತ್ಸಿಯಾರ್‌ಗೆ ಫೋನು ಮಾಡಿದ.

"ಅಯ್ಯೋ, ಅದಕ್ಕೆಲ್ಲ ನೀನ್ಯಾಕೆ ತಲೆ ಕೆಡಿಸ್ಕೋತೀಯ?" ಎಂದಳು ಇತ್ಸಿಯಾರ್ ಬಹಳ ಉತ್ಸಾಹದಿಂದ. "ಬೆಳಿಗ್ಗೆ ಆದ ತಪ್ಪಿಗೆ ನಾನೂ ಜೆನ್ನಾರೊನೂ ಸೇರಿ ನಮ್ಮ ದುಡ್ಡಲ್ಲೇ ನಿನ್ನ ವಾಪಸ್ ಟಿಕೆಟ್ ತೆಗೆದಿದ್ದೀವಿ. ನಾಳೆ ಬೆಳಿಗ್ಗೆ ಏಳಕ್ಕೆ, ಮೊನಾಕೊದಿಂದ ಬೊಲೊನ್ಯಕ್ಕೆ ನೇರ ಬಸ್ಸು. ಎಷ್ಟು ಹೇಳು?"

ಫಿಂಟನ್ ಕಣ್ಣು ಮುಚ್ಚಿಕೊಂಡ.

"ಹದಿನಾಲ್ಕು," ಎಂದ.