ಸ್ವೆಟರಿಗೆ ಯಾವ ಸೋಪು ಹಾಕ್ಬೇಕು?

ಸೋಪು ಮಾರುವವನಿಗೆ ಸೋಪಿನ ವಿಷಯ ಗೊತ್ತಿರುತ್ತದೆ ಎಂದು ಜನ ನಂಬುವುದು ಯಾವತ್ತು ನಿಲ್ಲುತ್ತದೋ, ಇಂಥ ಪ್ರಸಂಗಗಳೂ ಆವತ್ತೇ ನಿಲ್ಲುತ್ತವೆ. ಅಗ್ರಹಾರದ ಒಂದು ಸಣ್ಣ ರಸ್ತೆಯಲ್ಲಿ ನನ್ನದು ಉಲ್ಲನ್ ಅಂಗಡಿ ಇತ್ತು. ತೊಂಬತ್ತರ ದಶಕದ ಶುರುವಿನಿಂದ ಸುಮಾರು ಇಪ್ಪತ್ತು ವರ್ಷ ಉಲ್ಲನ್ ಉಂಡೆ, ಹೆಣಿಗೆ ಕಡ್ಡಿ, ಗುಂಡಿ, ಲೇಸು ಮಾರಿದೆ. ಕೇಳುವವರು ಇದ್ದಾರಲ್ಲ ಅಂತ ಒಂದು ಗೂಡಿನಲ್ಲಿ ಸೋಪನ್ನೂ ಇಟ್ಟಿದ್ದೆ. ತಪ್ಪಾಗಿದ್ದು ಅಲ್ಲೇ.

ನಮ್ಮೂರಿನ ಹೆಂಗಸರು ದೀಪಾವಳಿ ಕಳೆದ ಮೇಲೆ ಸ್ವೆಟರ್ ಹೆಣೆಯಲು ಶುರು ಮಾಡುತ್ತಾರೆ. ಮುಗಿಯುವ ಹೊತ್ತಿಗೆ ಚಳಿಯೂ ಮುಗಿದಿರುತ್ತದೆ. ಆಮೇಲೆ ಅದನ್ನು ಒಗೆದು ಎತ್ತಿಡಬೇಕು. ಒಗೆದ ಮಾರನೇ ದಿನ, ಕಾಯಿಲೆ ಮಗುವನ್ನು ಡಾಕ್ಟರ ಹತ್ತಿರ ತರುವ ಹಾಗೆ, ನನ್ನ ಹತ್ತಿರ ತರುತ್ತಿದ್ದರು.

ದೊಡ್ಡದು ಮಾಡುವ ಸೋಪು

ಕೃಷ್ಣಮೂರ್ತಿಪುರಂನಲ್ಲಿ ಒಬ್ಬ ಬ್ಯಾಂಕ್ ಗುಮಾಸ್ತರಿದ್ದರು. ಅವರ ಹೆಂಡತಿ ನಮ್ಮಲ್ಲೇ ಬೂದು ಬಣ್ಣದ ಉಲ್ಲನ್ ಕೊಂಡು, ಐದು ತಿಂಗಳು ಕೂತು, ಗಂಡನಿಗೆ ತುಂಬುತೋಳಿನ ಸ್ವೆಟರ್ ಹಾಕಿಕೊಟ್ಟಿದ್ದರು. ಆಕೆ ನಾಲ್ಕು ದಿನ ಹಾಸನಕ್ಕೆ ತೌರಿಗೆ ಹೋದಾಗ, ವಾಪಸ್ ಬರುವಷ್ಟರಲ್ಲಿ ಸ್ವೆಟರ್ ಒಗೆದಿಟ್ಟು ಭೇಷ್ ಅನ್ನಿಸಿಕೊಳ್ಳಬೇಕು ಅಂತ ಇವರಿಗೆ ಆಸೆಯಾಯಿತು. ಹಂಡೆಯಿಂದ ಕುದಿಯುವ ನೀರು ತೋಡಿಕೊಂಡು, ಬಿಳಿ ಬಟ್ಟೆಗೆ ಹಾಕುವ ಪುಡಿ ಸುರಿದು, ಮೇಲೆ ಒಂದು ಹಿಡಿ ಸೋಡಾವನ್ನೂ ಹಾಕಿ ನೆನೆಸಿದರಂತೆ.

ಸಂಜೆ ಒಂದು ಪೇಪರ್ ಕವರ್ ತಂದು ಗಲ್ಲಾದ ಮೇಲೆ ಬಿಚ್ಚಿದರು. ಸ್ವೆಟರ್ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ತೋಳು ಒಂದು ಗೇಣು.

"ಇದನ್ನ ದೊಡ್ಡದು ಮಾಡೋ ಸೋಪು ಯಾವುದಾದ್ರೂ ಬಂದಿದೆಯೇನ್ರೀ?"

"ಚಿಕ್ಕದು ಮಾಡೋದು ಬೇಕಾದಷ್ಟಿದೆ ಸಾರ್. ದೊಡ್ಡದು ಮಾಡೋದು ಇನ್ನೂ ಬಂದಿಲ್ಲ."

"ಸೋಮವಾರ ಬಂದ್ಬಿಡ್ತಾಳ್ರೀ ಅವಳು."

"ನಡೆದಿದ್ದು ನಡೆದ ಹಾಗೆ ಹೇಳ್ಬಿಡಿ ಸಾರ್," ಅಂದೆ.

ಅವರು ನನ್ನನ್ನೇ ನೋಡಿದರು. "ನಿಮಗೆ ಮದುವೆ ಆಗಿದೆಯಾ?"

"ಆಗಿದೆ."

"ಆಗಿದ್ದೂ ಹೀಗೆ ಹೇಳ್ತೀರಲ್ಲ," ಅಂತ ಕವರ್ ಮಡಿಸಿಕೊಂಡು ಹೊರಟರು.

ತಿಂಗಳಾದ ಮೇಲೆ ಆಕೆ ಬಂದು ಮತ್ತೆ ಅದೇ ಬೂದು ಉಲ್ಲನ್ ಕೇಳಿದರು. "ನಮ್ಮೆಜಮಾನ್ರು ಆ ಸ್ವೆಟರನ್ನ ಚಳೀಲಿ ನಡುಗ್ತಿದ್ದ ಯಾರೋ ಮುದುಕರಿಗೆ ಕೊಟ್ಬಿಟ್ರಂತೆ. ಹೋಗ್ಲಿ, ಪುಣ್ಯದ ಕೆಲಸ. ಆದ್ರೆ ಒಂದು ಅನುಮಾನ ಕಣ್ರೀ. ಪಕ್ಕದ್ಮನೆ ಮೂರು ವರ್ಷದ ಮಗು ಅಂಥದ್ದೇ ಸ್ವೆಟರ್ ಹಾಕ್ಕೊಂಡು ಓಡಾಡ್ತಿದೆ. ಅಷ್ಟು ಚಿಕ್ಕ ಮಗೂಗೆ ಎದೆ ಮೇಲೆ ಪೆನ್ನಿನ ಜೇಬು ಯಾಕೆ ಬೇಕು ಹೇಳಿ?"

ಯಾರಿಗೂ ಹೇಳ್ಬೇಡಿ

ಅಂಗಡಿಯ ಎದುರು ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಹೆಣಿಗೆಯಲ್ಲಿ ಪಳಗಿದವರು. ಹಾಕುವುದರಲ್ಲಿ ಜಗಳವಿರಲಿಲ್ಲ, ಒಗೆಯುವುದರಲ್ಲಿ ಇತ್ತು.

"ಕುರಿ ಕೂದಲು ಕಣೋ ಅದು," ಎಂದು ಅತ್ತೆ ನನಗೇ ಪಾಠ ಹೇಳುತ್ತಿದ್ದರು. "ತಲೆಕೂದಲಿಗೆ ಏನು ಹಾಕ್ತೀವೋ ಅದನ್ನೇ ಹಾಕ್ಬೇಕು. ಅಂಟುವಾಳಕಾಯಿ ಬಿಟ್ರೆ ಬೇರೆ ಇಲ್ಲ."

ಸೊಸೆ ಸ್ಕೂಲ್ ಟೀಚರು. ಆಕೆಯದು ಬಾಟ್ಲಿಯಲ್ಲಿ ಬರುವ ಲಿಕ್ವಿಡ್. "ಉಲ್ಲನ್‌ಗೆ ಅಂತ ಬಾಟ್ಲಿ ಮೇಲೇ ಬರೆದಿದೆ ಅಲ್ವಾ ಅಂಕಲ್?"

ಇಬ್ಬರೂ ಗಿರಾಕಿಗಳು. ನಾನು ಇಬ್ಬರಿಗೂ ತಲೆಯಾಡಿಸಿದೆ. ಕೊನೆಗೆ ಒಬ್ಬೊಬ್ಬರು ಒಂದೊಂದು ಶಾಲನ್ನು ತಮ್ಮ ತಮ್ಮ ಪದ್ಧತಿಯಲ್ಲಿ ಒಗೆದು ತೋರಿಸುವುದು ಅಂತಾಯಿತು. ಭಾನುವಾರ ಎರಡೂ ಶಾಲು ಬಂದವು. ಎರಡೂ ಬೆಣ್ಣೆಯ ಹಾಗಿದ್ದವು. ಜಗಳ ಮೊದಲಿದ್ದಲ್ಲೇ ನಿಂತಿತು.

ಆ ವಾರ ಒಂದು ಮಧ್ಯಾಹ್ನ ಅತ್ತೆ ಒಬ್ಬರೇ ಬಂದರು. "ಅಂಟುವಾಳ ಕುಟ್ಟಿ ಕುಟ್ಟಿ ರಟ್ಟೆ ಬಿದ್ದೋಯ್ತು ಕಣೋ. ಆ ಬಾಟ್ಲೀದು ಒಂದು ಕೊಡು. ಅವಳಿಗೆ ಹೇಳ್ಬೇಡ." ಎರಡು ದಿನ ಬಿಟ್ಟು ಸೊಸೆ ಬಂದಳು. "ಆ ಲಿಕ್ವಿಡ್ಡಿಗೆ ಕೈಯೆಲ್ಲ ಉರಿ ಅಂಕಲ್. ಅಂಟುವಾಳ ಇದ್ರೆ ಕೊಡಿ. ಅತ್ತೆಗೆ ಹೇಳ್ಬೇಡಿ." ನಾನು ಹೇಳಲಿಲ್ಲ. ಆ ಮನೆಯಲ್ಲಿ ವಾದ ಮಾತ್ರ ಹಾಗೇ ನಡೆದಿತ್ತು. ಅತ್ತೆ ಅಂಟುವಾಳದ ಪರ, ಸೊಸೆ ಬಾಟ್ಲಿಯ ಪರ.

ಒಂದು ದಿನ ಆ ಮನೆಯ ಮಗ ಬಂದು ಅಂಗಡಿಯಲ್ಲಿ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡ. "ಅಂಕಲ್, ಅಮ್ಮನ ರೂಮಲ್ಲಿ ಬಾಟ್ಲಿ ಇದೆ. ಇವಳ ಬೀರುವಲ್ಲಿ ಅಂಟುವಾಳ ಇದೆ. ಇಬ್ಬರೂ ಯಾರಿಗೂ ಹೇಳ್ಬೇಡ ಅಂದಿದಾರೆ. ನಿಮಗೇನಾದ್ರೂ ಗೊತ್ತಾ?"

"ನನಗೂ ಹಾಗೇ ಅಂದಿದಾರಪ್ಪ," ಅಂದೆ.

ಕೆಂಪು ಕೊಳೆ

ಹೊಸ ಸೋಪಿನ ಪುಡಿಯೊಂದನ್ನು ಪರಿಚಯ ಮಾಡಿಸಲು ಟೈ ಕಟ್ಟಿಕೊಂಡ ಒಬ್ಬ ಸೇಲ್ಸ್‌ಮನ್ ಬಂದ. ಎಂಥ ಉಲ್ಲನ್ ಹಾಕಿದರೂ ಬಣ್ಣ ಹೋಗುವುದಿಲ್ಲ ಎಂಬುದು ಅವನ ಮಾತು. ತೋರಿಸಪ್ಪ ಅಂದೆ. ಪ್ಲಾಸ್ಟಿಕ್ ಬೇಸನ್ ಕೂಡ ತಂದಿದ್ದ, ನೀರು ತುಂಬಿ ಪುಡಿ ಕದಡಿದ. ಅದ್ದಲು ಮಾತ್ರ ಏನೂ ತಂದಿರಲಿಲ್ಲ, ಮಾರುವ ಉಂಡೆಯನ್ನು ನೆನೆಸಲು ನಾನು ಸಿದ್ಧನಿರಲಿಲ್ಲ.

ದಿನಾ ಪೇಪರ್ ಓದಲು ನನ್ನ ಬೆಂಚಿಗೆ ಬರುತ್ತಿದ್ದ ರಿಟೈರ್ಡ್ ಹೆಡ್‌ಮಾಸ್ಟರು ಆಗ ಅಲ್ಲೇ ಕೂತಿದ್ದರು. ತಲೆಯ ಮೇಲೆ ಅವರ ತಂಗಿ ಹೆಣೆದುಕೊಟ್ಟ ಕೆಂಪು ಮಂಕಿ ಕ್ಯಾಪ್ ಇತ್ತು. "ವಿಜ್ಞಾನಕ್ಕೆ ನನ್ನದೂ ಒಂದು ಕಾಣಿಕೆ," ಅಂತ ತೆಗೆದು ಕೊಟ್ಟರು.

ಟೋಪಿ ಮುಳುಗಿದ ಅರ್ಧ ನಿಮಿಷಕ್ಕೆ ಬೇಸನ್ನಿನ ನೀರು ಬೀಟ್‌ರೂಟ್ ಸಾರಿನ ಹಾಗಾಯಿತು. ಸೇಲ್ಸ್‌ಮನ್ ಎದೆಗುಂದಲಿಲ್ಲ. "ಸಾರ್, ಇದು ಬಣ್ಣ ಅಲ್ಲ. ಒಳಗಿದ್ದ ಕೊಳೆ. ನಮ್ಮ ಪುಡಿಯ ಶಕ್ತಿ ನೋಡಿ."

ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಟೋಪಿ ತೆಳು ಗುಲಾಬಿಗೆ ತಿರುಗಿತ್ತು.

"ನಮ್ಮ ತಂಗಿ ಮೋಸ ಹೋಗಿದಾಳೆ ಕಣಯ್ಯ. ಹತ್ತು ಉಂಡೆ ಕೊಳೆ ತಗೊಂಡು ಟೋಪಿ ಹಾಕ್ಬುಟ್ಟಿದಾಳೆ."

ತಜ್ಞರ ಭಾಷಣ

ಇದು ಎರಡು ಸಾವಿರದ ಈಚಿನದು. ನಮ್ಮ ಕಡೆಯ ಒಂದು ಮಹಿಳಾ ಸಮಾಜದವರು ಹೆಣಿಗೆ ಪ್ರದರ್ಶನ ಇಟ್ಟುಕೊಂಡು, 'ಕೈಹೆಣಿಗೆಯ ಉಣ್ಣೆ ಬಟ್ಟೆಗೆ ಯಾವ ಸೋಪು?' ಎಂಬ ವಿಷಯದ ಮೇಲೆ ಮಾತಾಡಲು ನನ್ನನ್ನು ಕರೆದರು. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ 'ತಜ್ಞರು' ಅಂತಿತ್ತು. ಅಷ್ಟು ವರ್ಷದಲ್ಲಿ ನಾನು ಒಂದು ಕಾಲುಚೀಲವನ್ನೂ ಒಗೆದವನಲ್ಲ. ಆದರೂ ಒಪ್ಪಿಕೊಂಡೆ. ಕಾರಣ ಇತ್ತು. ಗೂಡಿನಲ್ಲಿ ಲಿಕ್ವಿಡ್ ಸೋಪಿನ ಎರಡು ಪೆಟ್ಟಿಗೆ ಖರ್ಚಾಗದೆ ಕೂತಿದ್ದವು. ಭಾಷಣ ಮುಗಿದ ತಕ್ಷಣ ಬಾಗಿಲಲ್ಲೇ ಮಾರಿಬಿಡುವ ಯೋಚನೆ.

ಡಬ್ಬಗಳ ಮೇಲೆ ಬರೆದಿದ್ದನ್ನೆಲ್ಲ ಓದಿ ನಾಲ್ಕು ಹಾಳೆ ಬರೆದುಕೊಂಡೆ. ನನ್ನ ಹೆಂಡತಿಯೇ ಹೆಣೆದಿದ್ದ ಹಸಿರು ಸ್ವೆಟರ್ ತೊಟ್ಟುಕೊಂಡು ಹೋದೆ. ಅವಳೂ ಬಂದು ಮೂರನೇ ಸಾಲಿನಲ್ಲಿ ಕೂತಳು. ಎರಡು ಪೆಟ್ಟಿಗೆಯನ್ನೂ ಬಾಗಿಲ ಹತ್ತಿರ ಇಡಿಸಿದೆ.

ಮುಕ್ಕಾಲು ಗಂಟೆ ಮಾತಾಡಿದೆ. ಸೋಡಾ ಯಾಕೆ ಬೇಡ, ಬಿಸಿನೀರು ಯಾಕೆ ಬೇಡ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತುವುದು ಹೇಗೆ, ಹಗ್ಗದ ಮೇಲೆ ನೇತುಹಾಕದೆ ನೆರಳಲ್ಲಿ ಹರಡುವುದು ಹೇಗೆ. ಎಲ್ಲರಿಗೂ ಪೆನ್ನು, ಪುಸ್ತಕ ಕೊಟ್ಟಿದ್ದರು. ಒಬ್ಬರೂ ಮುಚ್ಚಳ ತೆಗೆದಿರಲಿಲ್ಲ. ಹಿಂದಿನ ಸಾಲಿನಲ್ಲಿ ಇಬ್ಬರು ಮಾತಾಡುತ್ತಲೇ ಎರಡು ತೋಳು ಹೆಣೆದು ಮುಗಿಸಿದ್ದರು.

ಕೊನೆಗೆ ಅಧ್ಯಕ್ಷೆ ಎದ್ದು ನಿಂತರು. "ನೀವು ಹಾಕ್ಕೊಂಡಿರೋ ಸ್ವೆಟರ್ ನೋಡಿದ್ರೆ ನಿನ್ನೆ ಹೆಣೆದ ಹಾಗಿದೆ. ಎಷ್ಟು ವರ್ಷದ್ದು?"

"ಹನ್ನೊಂದು ವರ್ಷದ್ದು," ಅಂದೆ. ಸಭೆಯಲ್ಲಿ ಗುಜುಗುಜು ಶುರುವಾಯಿತು. ಪೆಟ್ಟಿಗೆ ಬಿಚ್ಚುವ ಸಮಯ ಬಂತು ಅಂದುಕೊಂಡೆ.

"ಯಾವ ಸೋಪು ಹಾಕ್ತೀರಿ?"

ಒಗೆಯುವವಳ ಬಾಯಲ್ಲೇ ಬರಲಿ, ನಂಬಿಕೆ ಹೆಚ್ಚು ಅಂತ ಹೆಂಡತಿಯ ಕಡೆ ಕೈ ತೋರಿಸಿದೆ. "ಅವರನ್ನೇ ಕೇಳಿ."

ಅವಳು ಎದ್ದು ಸೆರಗು ಸರಿಮಾಡಿಕೊಂಡಳು.

"ಅಯ್ಯೋ, ಅದನ್ನ ಇವತ್ತಿನವರೆಗೂ ಒಗೆದೇ ಇಲ್ಲ ಕಣ್ರೀ. ವರ್ಷಕ್ಕೊಂದ್ಸಲ ಬಿಸಿಲಿಗೆ ಹಾಕಿ, ಚೆನ್ನಾಗಿ ಕೊಡವಿ ಎತ್ತಿಡ್ತೀನಿ."

ಐವತ್ತು ಜನ ಹೆಂಗಸರೂ ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡರು.