ಲಗ್ನಪತ್ರಿಕೆ ನುಂಗಿದ ಡಬ್ಬಿ

ಅರ್ಧ ರಾಜ್ಯಕ್ಕೆ ಕರೆಂಟು ಕಳಿಸುವ ಗವಿಸಿದ್ದಪ್ಪನವರ ಮನೆಯ ಹಳೆಯ ಕಂಪ್ಯೂಟರಿಗೇ ಕರೆಂಟು ಬರುತ್ತಿರಲಿಲ್ಲ. (ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಅವರಿರುವುದು ಕ್ಯಾಂಟೀನಿನ ಉಗ್ರಾಣದಲ್ಲಿ ಎಂಬುದು ನಿಜ. ಆದರೆ ಇಡ್ಲಿ ತಿನ್ನದೆ ಯಾವ ಎಂಜಿನಿಯರು ತಾನೇ ಕರೆಂಟು ತಯಾರಿಸಿಯಾನು ಎಂಬುದು ಅವರ ವಾದ.) ಬಳ್ಳಾರಿಯ ಆ ಮನೆಯಲ್ಲಿ ಬೆಳಿಗ್ಗೆಯಿಂದ ಗುಂಡಿ ಒತ್ತಿ ಒತ್ತಿ ಅವರ ಬೆರಳು ಸವೆದಿತ್ತು. ಕಂಪ್ಯೂಟರಿನ ಡಬ್ಬಿ ಕಮಕ್ ಕಿಮಕ್ ಎನ್ನಲಿಲ್ಲ.

ಡಬ್ಬಿ ಹಾಳಾಗಿ ಹೋಗಲಿ, ಅದರ ಹೊಟ್ಟೆಯಲ್ಲಿ ಲಗ್ನಪತ್ರಿಕೆ ಇತ್ತು. ಹೆಂಡತಿ ಗುರುಬಸಮ್ಮನ ತಮ್ಮ ದೊಡ್ಡಬಸವರಾಜನ ಮಗಳ ಮದುವೆ. ಪತ್ರಿಕೆ ನಾನೇ ಟೈಪು ಮಾಡಿ ಕೊಡುತ್ತೇನೆಂದು ಮೀಸೆ ತಿರುವಿದವರು ಇವರೇ. ಟೈಪು ಮಾಡುವುದೇನು ಮಹಾ, ಹಿರಿಯರ ಹೆಸರು ಯಾರದು ಮೇಲೆ, ಯಾರದು ಕೆಳಗೆ ಎಂಬುದರ ಮೇಲೆ ಆ ಮನೆತನದಲ್ಲಿ ಮಹಾಯುದ್ಧವೇ ನಡೆದಿತ್ತು. ಗುರುಬಸಮ್ಮನ ದೊಡ್ಡಪ್ಪ, ಕುರುಗೋಡಿನ ಸುಂಕಪ್ಪನವರು ಉಣ್ಣುವ ಎಲೆ ಬಿಟ್ಟು ಎದ್ದಿದ್ದರು. ಎಲ್ಲರ ಕೈಕಾಲು ಹಿಡಿದು ಒಪ್ಪಿಸಿದ ಮೇಲೆ ಮೊದಲ ಸ್ಥಾನ ಸುಂಕಪ್ಪನವರಿಗೂ, ಎರಡನೆಯದು ‘ವಿದ್ಯುತ್ ತಜ್ಞರು’ ಎಂಬ ಬಿರುದಿನ ಸಮೇತ ಗವಿಸಿದ್ದಪ್ಪನವರಿಗೂ ದಕ್ಕಿತ್ತು. ಉಳಿದವರ ಸಾಲು ಡಬ್ಬಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಸಂಜೆಯೊಳಗೆ ಸಿರುಗುಪ್ಪದ ಪ್ರೆಸ್ಸಿಗೆ ಕಳಿಸದಿದ್ದರೆ ಮತ್ತೆ ಎಲ್ಲರನ್ನೂ ಕೇಳಬೇಕು, ಮತ್ತೆ ಎಲೆ ಬಿಟ್ಟು ಏಳುವವರು ಏಳಬೇಕು.

“ಪೆನ್ ಡ್ರೈವಿಗೆ ಹಾಕಿಡ್ರಿ ಅಂತ ಬಡ್ಕೊಂಡೆ,” ಎಂದಳು ಗುರುಬಸಮ್ಮ.

“ಮೊನ್ನೆ ಆಯುಧಪೂಜಿಗೆ ಇದಕ್ಕ ಕುಂಕುಮ ಬಳಿದಾಕಿ ಯಾರು? ಎಲ್ಲಾ ಒಳಗ ಹೋಗೈತಿ.”

“ನಿಮ್ಮ ಗಾಡಿಗೂ ಹಚ್ಚೀನಿ. ಅದು ಓಡಾಕತ್ತೈತಲ್ಲ.”

ಗವಿಸಿದ್ದಪ್ಪನವರು ತನಿಖೆಗೆ ಇಳಿದರು. ಅಡುಗೆಮನೆಯ ಮಿಕ್ಸಿ ತಂದು ಅದೇ ಪ್ಲಗ್ಗಿಗೆ ಚುಚ್ಚಿದರು. ಅದು ಗುರ್ ಎಂದು ಒಳಗಿದ್ದ ಶೇಂಗಾ ಚಟ್ನಿಯನ್ನೆಲ್ಲ ಗೋಡೆಗೆ ಬಳಿಯಿತು (ಮುಚ್ಚಳ ಅಡುಗೆಮನೆಯಲ್ಲೇ ಉಳಿದಿತ್ತು). ಅಂದರೆ ಕರೆಂಟು ಇದೆ. ಡಬ್ಬಿಯ ವೈರನ್ನು ಮಾನಿಟರಿಗೆ ಹಾಕಿದರೆ ಮಾನಿಟರಿನ ದೀಪ ಹತ್ತಿತು. ಅಂದರೆ ವೈರೂ ಸರಿಯಿದೆ. ಆಮೇಲೆ ಡಬ್ಬಿಯ ಸ್ಕ್ರೂ ಬಿಚ್ಚಿ, ಧೂಳು ಊದಿ, ಕೆಮ್ಮಿ, ರ‍್ಯಾಮನ್ನು ಹೊರತೆಗೆದು ಪೆನ್ಸಿಲ್ ರಬ್ಬರಿನಿಂದ ಗಸಗಸ ಉಜ್ಜಿ, ಮತ್ತೆ ಒಳಗಿಟ್ಟು, ವೈರು ಸಿಕ್ಕಿಸಿ ಗುಂಡಿ ಒತ್ತಿದರು. ಉಹೂಂ.

ಅಷ್ಟರಲ್ಲಿ ಫೋನು ಬಂತು. ಕೈಯೆಲ್ಲ ಧೂಳಾದ್ದರಿಂದ ಗವಿಸಿದ್ದಪ್ಪನವರು ಮೊಣಕೈಯಲ್ಲೇ ಸ್ಪೀಕರ್ ಒತ್ತಿದರು.

“ಭಾವಾರ, ಪ್ರೆಸ್ಸಿನಾಗ ಕುಂತೀನಿ,” ಎಂದ ದೊಡ್ಡಬಸವರಾಜ. “ದೊಡ್ಡಪ್ಪಾರೂ ಬಂದಾರ. ಹೆಸ್ರು ಕಣ್ಲೆ ನೋಡೇ ಊರಿಗೆ ಹೋಗ್ತಾರಂತ. ಕಳಿಸಿದ್ರೇನು?”

“ಕಳಿಸಿದಂಗ ಅಂತ ತಿಳ್ಕೊ. ಲೈನಿನಾಗ ಇರಪ್ಪ,” ಎಂದು ಫೋನನ್ನು ಸ್ಟೂಲಿನ ಮೇಲಿಟ್ಟು ಇವರು ನೆಲಕ್ಕೆ ಕುಸಿದು ಕುಳಿತರು. “ಗುರುಬಸಮ್ಮ, ಡಬ್ಬಿ ಒಳಗಿನ ಪವರ್ ಸಪ್ಲೈ ಸತ್ತೈತಿ. ನನ್ನ ಮರ್ಯಾದಿನೂ ಅದರ ಜತಿಗೇ ಹೋತು.”

ಗುರುಬಸಮ್ಮನಿಗೆ ಕನಿಕರವಾಯಿತು. ಡಬ್ಬಿಯ ಹಿಂದೆ ಬಗ್ಗಿ ನೋಡಿದಳು.

“ಇಲ್ಲೊಂದು ಸಣ್ಣ ಸ್ವಿಚ್ ಐತಲ್ರಿ.”

“ಅದು ಸರಿ ಐತಿ. ಪೂಜಿ ದಿನ ಒರೆಸುವಾಗ ನಾನೇ ನೋಡೀನಿ. ಐ ಕಡೆ ಬಿದ್ದಿತ್ತು, ಓ ಕಡೆ ಒತ್ತಿ ಸರಿ ಮಾಡೀನಿ. ಓ ಅಂದ್ರ ಆನ್.”

“ಮತ್ತ ಐ ಅಂದ್ರ?”

“ಐ ಅಂದ್ರ ‘ಇಲ್ಲ’.”

“ಓ ಇಂಗ್ಲೀಷು, ಐ ಕನ್ನಡ ಏನ್ರಿ?”

“ಕಂಪನಿಯವ್ರು ಎರಡೂ ಭಾಷಿಗೆ ಗೌರವ ಕೊಟ್ಟಾರ.”

“ಆಫ್ ಅನ್ನಾಕೂ ಓ ಬರ್ತೈತಲ್ರಿ. ನನಗಂತೂ ಇದು ಸೊನ್ನಿ ಕಂಡಂಗ ಕಾಣ್ತೈತಿ. ಸೊನ್ನಿ ಅಂದ್ರ ಏನೂ ಇಲ್ಲ, ಒಂದು ಅಂದ್ರ ಐತಿ,” ಎನ್ನುತ್ತ ಅವಳು ಸ್ವಿಚ್ಚನ್ನು ಟಕ್ಕೆಂದು ಐ ಕಡೆ ಒತ್ತಿ, ಮುಂದಿನ ಗುಂಡಿ ಅದುಮಿದಳು. ಫ್ಯಾನು ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಗಣಪತಿಯ ಚಿತ್ರದ ಸಮೇತ ಲಗ್ನಪತ್ರಿಕೆ ತೆರೆಯ ಮೇಲೆ ಮೂಡಿತು.

ಗವಿಸಿದ್ದಪ್ಪನವರಿಗೆ ಹೋದ ಜೀವ ಬಂದಂತಾಯಿತು. ಜೀವದ ಹಿಂದೆಯೇ ಗತ್ತೂ ಬಂತು.

“ರಬ್ಬರಿನಿಂದ ಉಜ್ಜಿದ್ದು ಈಗ ಹತ್ತಿತು ನೋಡು. ಬಸವರಾಜಗ ಹಂಗ ಹೇಳ್ತೀನಿ. ನೀನು ನಡುವ ಬಾಯಿ ಹಾಕಬ್ಯಾಡ.”

“ಹೇಳೋದು ಬ್ಯಾಡ್ರಿ ಭಾವಾರ,” ಎಂದಿತು ಸ್ಟೂಲಿನ ಮೇಲಿನ ಫೋನು. “ಲೈನಿನಾಗ ಇರು ಅಂದಿದ್ರಲ್ಲ, ಎಲ್ಲಾರೂ ಅದೀವಿ.”

ಹಿಂದಿನಿಂದ ಪ್ರೆಸ್ಸಿಗೆ ಪ್ರೆಸ್ಸೇ ನಗುವುದು ಕೇಳಿಸಿತು. ನಗುವಿನ ನಡುವೆ ಸುಂಕಪ್ಪನವರ ಕಂಚಿನ ಕಂಠ ಬಂತು.

“ಅಳಿಯಪ್ಪ, ಉಳಿದವ್ರ ಹೆಸ್ರು ಹೆಂಗದಾವೋ ಹಂಗ ಕಳಿಸು. ನಿಂದೊಂದು ಕಡೀಗೆ ಹಾಕು. ಸೊನ್ನಿ ಕಡೀಗೆ ಇದ್ರೇನ ಬೆಲಿ.”

ಆ ಮನೆತನದಲ್ಲಿ ಯಾರ ತಕರಾರೂ ಇಲ್ಲದೆ ಒಪ್ಪಿಗೆಯಾದ ಮೊದಲ ತಿದ್ದುಪಡಿ ಅದು. ಗವಿಸಿದ್ದಪ್ಪನವರು ತಮ್ಮ ಹೆಸರನ್ನು ತಾವೇ ಎತ್ತಿ ಪತ್ರಿಕೆಯ ತುದಿಯಲ್ಲಿ ಇಳಿಸಿದರು. ಆಮೇಲೆ ಫೋನಿಗೆ ಕೇಳದಂತೆ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು.

“ವಿದ್ಯುತ್ ತಜ್ಞರು ಅನ್ನೋದಾದ್ರೂ ಇರ್ಲೇನು?”

“ನಿಮ್ಮ ಲೆಕ್ಕದಾಗ ಐ,” ಎಂದಳು ಗುರುಬಸಮ್ಮ.